ಎರಡನೆಯ ಅಂಶಕ್ಕೆ ಇಟ್ಟ ಹೆಸರು

ತಾಯಿಯ ಮಮತೆಯನ್ನು ಅಳೆಯುತ್ತೇನೆ ಎಂದು ಯಾರಾದರೂ ಹೇಳಿದರೆ ಹಿಂದಿನ ಕಾಲದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೀಲಗಂಗಾ ಬಾಳಿಕಾಯಿ ಅಳೆದೇಬಿಟ್ಟಳು. ಮಣಿಕಟ್ಟಿಗೆ ಒಂದು ಪಟ್ಟಿ, ಇಪ್ಪತ್ತನಾಲ್ಕು ಪ್ರಶ್ನೆ, ಹದಿನೈದು ನಿಮಿಷ. ಕೊನೆಗೆ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ. ಅದಕ್ಕೆ ಮಡಿಲಂಕ ಎಂದು ಹೆಸರಾಯಿತು.

ಅಂಥ ಅಂಕಿ ಯಾಕೆ ಬೇಕಾಯಿತು ಎಂದರೆ, ಅದಕ್ಕೂ ಕಾರಣವಿತ್ತು. ಯಾರೂ ಇಲ್ಲದ ಮಕ್ಕಳನ್ನು ಸಾಕುಮನೆಗಳಿಗೆ ಕೊಡುವಾಗ ಅಧಿಕಾರಿಗಳು ತಮ್ಮ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದರು. ಒಬ್ಬರಿಗೆ ಮನೆಯ ಗೋಡೆಯ ಬಣ್ಣ ಹಿಡಿಸುತ್ತಿರಲಿಲ್ಲ, ಇನ್ನೊಬ್ಬರಿಗೆ ಜಾತಿ ಹಿಡಿಸುತ್ತಿರಲಿಲ್ಲ. ಈ ಗೋಳು ಸಾಕೆಂದು ಹೊಸ ಕಾನೂನು ಬಂತು. ಮಗು ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಸಾಕುವವರ ಮಡಿಲಂಕ ನೋಡಬೇಕು. ಎರಡು ವರ್ಷ ಐವತ್ತರ ಮೇಲಿದ್ದರೆ ಮಗು ಅವರದೇ. ಸತತ ಎರಡು ಸಲ ಐವತ್ತಕ್ಕಿಂತ ಕೆಳಗಿಳಿದರೆ ಮಗು ಬೇರೆ ಮನೆಗೆ. ಎಲ್ಲರಿಗೂ ಒಂದೇ ಪಟ್ಟಿ, ಒಂದೇ ಪ್ರಶ್ನೆ. ಇದಕ್ಕಿಂತ ನ್ಯಾಯ ಇನ್ನೇನಿದೆ ಎಂದು ಪತ್ರಿಕೆಗಳೆಲ್ಲ ಬರೆದವು.

ಪಟ್ಟಿ ಮೃದುವಾದ ಧ್ವನಿಯಲ್ಲಿ ಪ್ರಶ್ನೆ ಕೇಳುತ್ತಿತ್ತು. ಸಾಕುವವರು ತಮ್ಮ ತಮ್ಮ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಪಟ್ಟಿ ಅದನ್ನು ಕೇಳಿಸಿಕೊಂಡು ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕಿಗೆ ಇಳಿಸಿ, ಮಾತನ್ನು ಆ ಕ್ಷಣವೇ ಅಳಿಸಿಹಾಕುತ್ತಿತ್ತು. ಜನರ ಮನೆಮಾತು ಸರಕಾರದ ಕೈಗೆ ಸಿಗಬಾರದು ಎಂಬುದು ಕಾನೂನು. ಹಾಗಾಗಿ ಧಾರವಾಡದ ಮನೋಮಾಪನ ಸಂಸ್ಥೆಯ ಎರಡನೆಯ ಮಹಡಿಯಲ್ಲಿ ಕುಳಿತ ನೀಲಗಂಗಾಳಿಗೆ ಬರುತ್ತಿದ್ದುದು ಬರೀ ಅಂಕಿ. ನಲವತ್ತು ಸಾವಿರ ಮನೆಗಳ ಅಂಕಿ ನೋಡಿದ್ದಳು, ಒಂದು ಮನೆಯ ಮಾತನ್ನೂ ಕೇಳಿರಲಿಲ್ಲ.

ಅವಳ ಕೆಲಸ ಏನೆಂದು ಅಕ್ಕ ಗುರುಬಸವ್ವ ಒಮ್ಮೆ ಕೇಳಿದ್ದಳು. ಗುರುಬಸವ್ವ ಹೊಸಯಲ್ಲಾಪುರದಲ್ಲಿ ಖಾನಾವಳಿ ನಡೆಸುವವಳು. ಓಣಿಯವರಿಗೆ ಗುರಸವ್ವ. ನೀಲಗಂಗಾ ಅವಳಿಗೆ ತಿಳಿಯುವ ಹಾಗೆಯೇ ಹೇಳಿದಳು. ಒಂದು ಸಾಲಿನಲ್ಲಿ ಕುಳಿತ ಆರು ಜನ ಬದನೆಕಾಯಿ ಪಲ್ಯ ಬಿಟ್ಟು ಎದ್ದರೆ ಒಬ್ಬೊಬ್ಬರನ್ನೇ ಯಾಕೆಂದು ಕೇಳುತ್ತೀಯಾ? ಇಲ್ಲ. ಹಿಂದೆ ಒಂದೇ ಕಾರಣವಿದೆ, ಉಪ್ಪು ಹೆಚ್ಚಾಗಿದೆ ಎಂದುಕೊಳ್ಳುತ್ತೀಯ. ಉತ್ತರಗಳೂ ಹಾಗೆಯೇ, ಕೆಲವು ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ. ಅವುಗಳ ಹಿಂದೆ ಅಡಗಿರುವ ಕಾರಣಕ್ಕೆ ಅಂಶ ಎನ್ನುತ್ತೇವೆ. ಒಂದೇ ಅಂಶ ಇದೆಯೋ, ಎರಡಿವೆಯೋ ಎಂದು ಮಾದರಿ ಕಟ್ಟಿ, ಯಾವ ಮಾದರಿ ಅಂಕಿಗಳಿಗೆ ಸರಿಯಾಗಿ ಹೊಂದುತ್ತದೆ ಎಂದು ಹೋಲಿಸಿ ನೋಡುವುದೇ ನನ್ನ ಕೆಲಸ.

"ಉಪ್ಪ ಹೆಚ್ಚಾಗೇತೋ, ಕೊಳತ ಬದನಿಕಾಯಿ ಇತ್ತೋ, ಅದನ್ನ ಹೆಂಗ ಗೊತ್ತ ಮಾಡ್ತಿ?" ಎಂದು ಕೇಳಿದ್ದಳು ಗುರಸವ್ವ.

"ಅದಕ್ಕೊಂದು ಹೆಸರ ಇಡ್ತೀವಕ್ಕಾ."

"ಪಲ್ಯಾ ತಿಂದು ನೋಡಲಾರದನ?" ಎಂದು ಗುರಸವ್ವ ಮೂಗು ಮುರಿದಿದ್ದಳು. ನೀಲಗಂಗಾ ನಕ್ಕು ಎದ್ದುಹೋಗಿದ್ದಳು.

ಮೊದಲ ನಾಲ್ಕು ವರ್ಷ ಮಡಿಲಂಕ ನಡೆದದ್ದು ಒಂದೇ ಅಂಶದ ಮೇಲೆ. ಇಪ್ಪತ್ತನಾಲ್ಕು ಉತ್ತರಗಳ ಹಿಂದೆ ಮಮತೆ ಎಂಬ ಒಂದೇ ಕಾರಣ. ಆದರೆ ಉತ್ತರ ಕರ್ನಾಟಕದ ಅಂಕಿಗಳು ಬಂದ ಹಾಗೆ ಈ ಮಾದರಿ ಕುಂಟತೊಡಗಿತು. ಹದಿನೇಳು ಪ್ರಶ್ನೆಗಳು ಒಂದು ಕಡೆ, ಏಳು ಪ್ರಶ್ನೆಗಳು ಇನ್ನೊಂದು ಕಡೆ ಎಳೆಯುತ್ತಿದ್ದವು. ನೀಲಗಂಗಾ ಎರಡು ಅಂಶಗಳ ಮಾದರಿ ಕಟ್ಟಿ ನೋಡಿದಳು. ಅಳತೆಯ ಬಳೆ ಕೈಗೆ ಕೂತ ಹಾಗೆ ಹೊಂದಿಬಿಟ್ಟಿತು! ಹೊಂದಾಣಿಕೆಯ ಅಷ್ಟೂ ಪರೀಕ್ಷೆಗಳಲ್ಲಿ ಹಳೆಯದು ಹಿಂದೆ, ಹೊಸದು ಮುಂದೆ.

ಆಯೋಗಕ್ಕೆ ವರದಿ ಕಳಿಸುವಾಗ ಎರಡನೆಯ ಅಂಶಕ್ಕೊಂದು ಹೆಸರು ಬೇಕಾಯಿತು. ಸಂಸ್ಥೆಯ ಮುಖ್ಯಸ್ಥರು ಡಾಕ್ಟರ್ ಶ್ರೀಪಾದ ಗಲಗಲಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ, ಅವಸರವಿಲ್ಲದ ಮನುಷ್ಯ. ಅವರು ಚಹಾ ಕುಡಿಯುತ್ತ ಕೇಳಿದರು, "ಹದಿನೇಳು ಪ್ರಶ್ನೆ ಏನು ಕೇಳ್ತಾವ್ರೀ?"

"ಮಾಡೂ ಕೆಲಸ ಸರ್. ರಾತ್ರಿ ಕೂಸು ಅತ್ತರ ಏಳ್ತೀರೇನು, ಜ್ವರ ಬಂದ್ರ ಯಾವಾಗ ದವಾಖಾನಿಗೆ ಒಯ್ತೀರಿ, ಅಂಥವು. ಅದರಾಗ ನಮ್ಮ ಈ ಕಡೆ ಮಂದಿಗೆ ಭಾಳ ಛಲೋ ಅಂಕ ಬಂದಾವು."

"ಉಳದ ಏಳು?"

"ಮಗು ಆರೋಗ್ಯವಾಗಿದೆಯೇ, ಜಾಣೆಯೇ, ಮಗು ಬಂದ ಮೇಲೆ ನೀವು ಸುಖವಾಗಿದ್ದೀರಾ, ಹಿಂಗ. ಅದರಾಗ ನೆಲಾ ಕಚ್ಚ್ಯಾರ."

"ಅಂದ್ರ, ಮಾಡೂದೆಲ್ಲಾ ಮಾಡ್ತಾರ, ಆದರ ಕೂಸಿನ ಬಗ್ಗೆ ಒಂದು ಛಲೋ ಮಾತು ಬಾಯಾಗ ಬರೂದಿಲ್ಲ. ಇದಕ್ಕ ಏನಂತೀರಿ?"

ನೀಲಗಂಗಾ ಅರೆಗಳಿಗೆ ಯೋಚಿಸಿ, "ಒಳಬೇಸರ" ಎಂದಳು. ಹೊರಗೆ ಕರ್ತವ್ಯ, ಒಳಗೆ ಅಸಮಾಧಾನ. ಗಲಗಲಿ ತಲೆಯಾಡಿಸಿದರು. ಚಹಾ ಆರುವ ಮೊದಲು ಹೆಸರಾಯಿತು. ಇನ್ನು ಮೇಲೆ ಒಳಬೇಸರ ಹೆಚ್ಚಿದ್ದಷ್ಟೂ ಮಡಿಲಂಕದಿಂದ ಕಳೆಯಬೇಕು ಎಂದು ಆಯೋಗ ಒಪ್ಪಿತು. ಸಂಸ್ಥೆಯಲ್ಲಿ ಪೇಡೆ ಹಂಚಿದರು. ಹೇಗಿದೆ ನಿಮ್ಮ ಹೊಸ ಮಾದರಿ ಎಂದು ಕೇಳಿದವರಿಗೆಲ್ಲ ನೀಲಗಂಗಾ, "ಏನೋ, ಅಷ್ಟಕ್ಕಷ್ಟರಿ" ಎನ್ನುತ್ತ ಒಳಗೊಳಗೇ ಉಬ್ಬಿದ್ದಳು.

ಹೊಸ ಮಾದರಿ ಜಾರಿಗೆ ಬಂದ ಎರಡನೆಯ ವಾರಕ್ಕೆ ಗುರಸವ್ವನ ಅಂಕ ಬಂತು.

ಗುರಸವ್ವನಿಗೆ ಐವತ್ತೊಂದು ವರ್ಷ. ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನೀಲಗಂಗಾ ಮದುವೆಯ ಗೊಡವೆಗೆ ಹೋಗದೆ ಖಾನಾವಳಿಯ ಮೇಲಿನ ಕೋಣೆಯಲ್ಲಿ ಇದ್ದುಬಿಟ್ಟವಳು. ಒಂದೂಮುಕ್ಕಾಲು ವರ್ಷದ ಹಿಂದೆ ಗುರಸವ್ವ ಯಾರಿಗೂ ಹೇಳದೆ ಅರ್ಜಿ ಹಾಕಿ ಒಂದು ಹೆಣ್ಣುಮಗುವನ್ನು ತಂದಳು. ನಾಲ್ಕು ವರ್ಷದ್ದು, ಕೈಕಾಲು ಕಡ್ಡಿ, ಮಾತೇ ಇಲ್ಲ. ಅದಕ್ಕೆ ಇದು ಮೂರನೆಯ ಮನೆ. ಕಾಗದದಲ್ಲಿ ಸಾನ್ವಿ ಎಂದಿತ್ತು. ಗುರಸವ್ವ ಆ ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಬಂದ ದಿನವೇ ತಿಪ್ಪವ್ವ ಎಂದು ಹೆಸರಿಟ್ಟು, ತಿಪ್ಪಿ ತಿಪ್ಪಿ ಎಂದು ಓಣಿ ತುಂಬ ಕೂಗಿದಳು. ಈಗ ತಿಪ್ಪಿಗೆ ಆರು ನಡೆಯುತ್ತಿತ್ತು. ಒಂದನೆಯ ಇಯತ್ತೆ, ಕೆನ್ನೆಯ ತುಂಬ ಮಾಂಸ, ಬಾಯಿಗೆ ಬೀಗವೇ ಇಲ್ಲ.

ಅಲ್ಲಿಯ ತನಕ ಗುರಸವ್ವನಿಗೆ ಅರವತ್ತು, ಅರವತ್ತೊಂದು ಹೀಗೆ ಬರುತ್ತಿತ್ತು. ಈ ಸಲ ಬಂದದ್ದು ನಲವತ್ತಾರು. ಇನ್ನೊಂದು ಸಲ ಐವತ್ತಕ್ಕಿಂತ ಕೆಳಗಿಳಿದರೆ ತಿಪ್ಪಿಯನ್ನು ಒಯ್ಯುತ್ತಾರೆ ಎಂದು ಚೀಟಿಯಲ್ಲಿ ಬರೆದಿತ್ತು. ಅಂಕ ಬಿದ್ದವರಿಗೆ ಮೂರು ತಿಂಗಳು ಕಾಯುವುದಿಲ್ಲ. ಮುಂದಿನ ಪರೀಕ್ಷೆ ಹದಿನೆಂಟನೆಯ ತಾರೀಖಿಗೆ. ಇನ್ನು ಹತ್ತೊಂಬತ್ತು ದಿನ.

ಗುರಸವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ನೀಲಿ, ಒಳಬೇಸರ ಅಂದ್ರ ಏನ? ಅದು ಹೆಚ್ಚಾಗೇತಂತ ಬರದಾರ."

"ಅದು... ಹೊರಗ ಎಲ್ಲಾ ಛಲೋ ನೋಡ್ಕೋತಾರ, ಒಳಗ ಮನಸ್ಸಿರೂದಿಲ್ಲ ಅಂತಕ್ಕಾ."

"ಯಾರ ಇಟ್ಟಾರ ಈ ಹೆಸರ?"

ನೀಲಗಂಗಾ ತಟ್ಟೆಯನ್ನೇ ನೋಡುತ್ತ, "ನಾನ" ಎಂದಳು.

ಬಡಿಯುವ ಸದ್ದು ನಿಂತಿತು. "ನನಗ ಮನಸ್ಸಿಲ್ಲಂತ ನೀ ಬರದಿ?"

"ನಿನಗಂತ ಬರದಿಲ್ಲಕ್ಕಾ. ನಲವತ್ತ ಸಾವಿರ ಮಂದೀದು..."

"ನಲವತ್ತ ಸಾವಿರ ಮಂದಿ ನನ್ನ ಕೈಯಾಗಿಂದು ಉಣ್ಣೂದಿಲ್ಲವ್ವಾ. ನೀ ಉಣ್ತಿ. ದಿನಾ ಮೂರ ಹೊತ್ತ ಈ ಕೂಸಿನ ಜೋಡಿ ಕುಂತ ಉಣ್ತಿ. ನಿನಗ ಕಾಣ್ಲಿಲ್ಲೇನ?" ಗುರಸವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ನೀಲಗಂಗಾ ತಟ್ಟೆಯನ್ನು ಸರಿಸಿದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮರುದಿನ ಗಲಗಲಿಯವರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಅಕ್ಕಾವ್ರ ಕಡತ ನೀವು ಮುಟ್ಟಂಗಿಲ್ಲ, ತಿಳೀತಿಲ್ಲೋ?"

"ಮುಟ್ಟೂದಿಲ್ಲ ಸರ್. ಮಾದರಿ ಮುಟ್ಟಬಹುದಲ್ಲ?"

"ಮಾದರಿ ನಿಮ್ಮದ. ಬೇಕಾದಷ್ಟು ಕೆದರ್ರಿ."

ಕೆದರಿದಳು. ಮಾದರಿ ಅಂಕಿಗೆ ಹೊಂದಿದರೆ ಸಾಲದು, ಹೊರಗಿನ ಲೋಕಕ್ಕೂ ಹೊಂದಬೇಕು ಎಂದು ವಿದ್ಯಾರ್ಥಿಗಳಿಗೆ ತಾನೇ ಪಾಠ ಹೇಳಿದವಳು. ತನ್ನ ಸರದಿ ಬಂದಾಗ ಪೇಡೆ ತಿಂದು ಕೂತಿದ್ದಳು. ಒಳಬೇಸರ ನಿಜವೇ ಆಗಿದ್ದರೆ ಅಂಥ ಮನೆಯ ಮಕ್ಕಳು ಸೊರಗಬೇಕು. ಶಾಲೆಗಳ ಆರೋಗ್ಯ ದಾಖಲೆ ತರಿಸಿದಳು. ವರ್ಷಕ್ಕೆ ಎಷ್ಟು ತೂಕ ಏರಿತು, ಎಷ್ಟು ದಿನ ಶಾಲೆ ತಪ್ಪಿತು, ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಆಯಿತೇ, ಎಲ್ಲವನ್ನೂ ಎರಡನೆಯ ಅಂಶದ ಪಕ್ಕದಲ್ಲಿಟ್ಟಳು.

ಬೆಂಗಳೂರಿನ ಅಂಕಿಗಳು ಹೇಳಿದ ಮಾತು ಕೇಳಿದವು. ಒಳಬೇಸರ ಹೆಚ್ಚಿದ್ದಲ್ಲಿ ಮಕ್ಕಳ ತೂಕ ಕಡಿಮೆ. ಆದರೆ ಧಾರವಾಡ, ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರಗಳಲ್ಲಿ ಎಲ್ಲವೂ ತಿರುವುಮುರುವು! ಒಳಬೇಸರ ಹೆಚ್ಚಿದ್ದ ಮನೆಯ ಮಕ್ಕಳೇ ದುಂಡಗೆ ಬೆಳೆದಿದ್ದವು, ಶಾಲೆಯನ್ನೂ ತಪ್ಪಿಸಿರಲಿಲ್ಲ. ಎಲ್ಲೋ ಕೂಡುವ ಬದಲು ಕಳೆದಿರಬೇಕು ಎಂದು ಮೂರು ಸಲ ಮೊದಲಿನಿಂದ ಮಾಡಿದಳು. ಮೂರೂ ಸಲ ಅದೇ ಉತ್ತರ.

"ಒಂದ ಅಳತಿ, ಎರಡ ಊರಾಗ ಎರಡ ಅರ್ಥ" ಎಂದರು ಗಲಗಲಿ, ಗಣಕದ ತೆರೆಯನ್ನು ನೋಡುತ್ತ. "ಅಂಶ ಇರೂದು ಖರೇ. ಆದರ ಅದು ಬ್ಯಾಸರಕಿ ಅಲ್ಲ. ಹಂಗಾದ್ರ ಏನದು?"

"ಗೊತ್ತಾಗವಲ್ದು ಸರ್." ಅಂಕಿ ಅದನ್ನು ಹೇಳುವಂತಿರಲಿಲ್ಲ, ಮಾತು ಅಳಿಸಿಹೋಗಿತ್ತು. ಹನ್ನೊಂದು ದಿನ ಉಳಿದಿತ್ತು.

ಆ ಭಾನುವಾರ ಮಧ್ಯಾಹ್ನ ಉಣ್ಣುವವರ ಗದ್ದಲ ಮುಗಿದಿತ್ತು. ನೀಲಗಂಗಾ ಗೋಡೆಗೊರಗಿ ಊಟಕ್ಕೆ ಕೂತಿದ್ದಳು. ಪಕ್ಕದ ಓಣಿಯ ಇಂದಕ್ಕ ರೊಟ್ಟಿ ಒಯ್ಯಲು ಬಂದವಳು, ಹೊಸ ಲಂಗ ತೊಟ್ಟು ಕುಣಿಯುತ್ತಿದ್ದ ತಿಪ್ಪಿಯನ್ನು ಕಂಡು ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯ, ಎಷ್ಟ ಚಂದ ಆಗ್ಯಾಳವ್ವಾ ನಿನ್ನ ಮಗಳ! ಬಂದಾಗ ಹೆಂಗಿತ್ತ ಕೂಸು, ಈಗ ಗಲ್ಲ ನೋಡ!"

"ಎಲ್ಲಿ ಚಂದ, ತಗೀರಿ" ಎಂದಳು ಗುರಸವ್ವ, ತಿರುಗಿಯೂ ನೋಡದೆ. "ಬಿಸಲಾಗ ತಿರಗಿ ಕರ್ರಗ ಕಾಗಿ ಆಗ್ಯಾಳ. ಉಣ್ಣೂದಿಲ್ಲ, ಓದೂದಿಲ್ಲ. ಪೀಡಾ ಬಂದ ವಕ್ಕರಿಸೇತಿ ನನಗ."

ಇಂದಕ್ಕ ಓಣಿ ದಾಟುವುದಕ್ಕೂ ಪುರುಸೊತ್ತು ಕೊಡದೆ ಗುರಸವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ತಿಪ್ಪಿಯನ್ನು ನಿಲ್ಲಿಸಿ ಮೇಲಿಂದ ಕೆಳಗೆ ಮೂರು ಸಲ ನಿವಾಳಿಸಿದಳು. ತೂ ತೂ ಎಂದು ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಕರಕಾಯಿತು.

"ನೋಡಿದ್ಯಾ ನೀಲಿ, ಒಂದೀಟ ಘಾಟ ಬರಲಿಲ್ಲ! ಎಷ್ಟ ಕಣ್ಣ ಬಿದ್ದಿತ್ತ ನನ್ನ ಕೂಸಿನ ಮ್ಯಾಲ!"

ನೀಲಗಂಗಾಳ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಹುಟ್ಟಿದಂದಿನಿಂದ ಇದನ್ನು ಸಾವಿರ ಸಲ ನೋಡಿದ್ದಳು. ತನ್ನನ್ನೇ ಅವ್ವ ಹೀಗೆ ಬೈದು ಬೈದು ಬೆಳೆಸಿದ್ದಳು. ಇಷ್ಟೆಲ್ಲ ಗೊತ್ತಿದ್ದವಳು ಎರಡನೆಯ ಮಹಡಿ ಹತ್ತಿದ ಕೂಡಲೇ ಎಲ್ಲ ಮರೆತು ಒಳಬೇಸರ ಎಂದು ಬರೆದು ಬಂದಿದ್ದಳಲ್ಲ! ತನ್ನ ಕೆನ್ನೆಗೆ ತಾನೇ ಒಂದು ಬಾರಿಸಿಕೊಳ್ಳಬೇಕು ಅನ್ನಿಸಿತು.

"ಅಕ್ಕಾ, ಆ ಪಟ್ಟಿ ಕೂಸು ಆರಾಮ ಐತೇನಂತ ಕೇಳಿದಾಗ ಏನಂದಿ?"

"ಏನಂತೀನಿ? ಎಲ್ಲಿ ಆರಾಮ, ಕಡ್ಡಿ ಆಗೇತಿ ಅಂದೆ. ಶಾಣ್ಯಾ ಅದಾಳೇನಂತು. ಬರೇ ದಡ್ಡ ಅಂದೆ. ಆಮ್ಯಾಲ ನೀವ ಸುಖವಾಗಿದ್ದೀರೇನಂತು." ಗುರಸವ್ವ ಧ್ವನಿ ತಗ್ಗಿಸಿದಳು. "ಯವ್ವಾ, ಯಾವದೋ ಮಷಿನ್ ಮುಂದ ಸುಖವಾಗೀನಿ ಅಂತ ಹೇಳಿ ಕೂಸಿನ್ನ ಕಳಕೊಳ್ಳಲೇನ?"

ಸೋಮವಾರ ನೀಲಗಂಗಾ ಮೂರನೆಯ ಮಾದರಿ ಕಟ್ಟಿದಳು. ಅಂಕಿಗಳಿಗೆ ಅದು ಎರಡನೆಯದಕ್ಕಿಂತ ಹೆಚ್ಚೇನೂ ಹೊಂದಲಿಲ್ಲ, ಅಷ್ಟೇ ಹೊಂದಿತು. ಆದರೆ ಎರಡನೆಯ ಅಂಶವನ್ನು ಇದು ಕಣ್ಣು ತಾಗುವ ಅಂಜಿಕೆ ಎಂದು ಓದಿಕೊಂಡಿತ್ತು. ಯಾವ ಮಗುವಿನ ಮೇಲೆ ಜೀವ ಇಟ್ಟಿದ್ದಾರೋ ಅದನ್ನೇ ಹೆಚ್ಚು ಹೀಗಳೆಯುತ್ತಾರೆ. ಹಾಗೆ ಓದಿದರೆ ಮಕ್ಕಳ ತೂಕವೂ, ಶಾಲೆಯ ಹಾಜರಿಯೂ ತಂತಮ್ಮ ಜಾಗಕ್ಕೆ ಬಂದು ಕೂತವು.

ಗಲಗಲಿ ಕೇಳಿ ಬಹಳ ಹೊತ್ತು ನಕ್ಕರು. "ನಮ್ಮ ಅವ್ವ ನನಗ ಎಂಟನೇ ಇಯತ್ತೆದ ತನಕ ಕ್ವಾಣಾ ಅಂತನ ಕರೀತಿದ್ಲು." ನಗು ನಿಂತ ಮೇಲೆ ಹೇಳಿದರು, "ಆದರ ಆಯೋಗ ಕೂಡೂದು ಮುಂದಿನ ತಿಂಗಳು."

"ಹದಿನೆಂಟಕ್ಕ ಪರೀಕ್ಷಾ ಐತಿ ಸರ್."

"ಗೊತ್ತದ. ಮತ್ತ ಆಯೋಗಕ್ಕ ಏನಂತ ಹೇಳೂದು? ಕೂಸಿಗೆ ಬೈದವರಿಗೆ ಹೆಚ್ಚು ಅಂಕಾ ಕೊಡ್ರಿ ಅಂತೇನು? ನಾಳೆ ಬೆಳಗಾದ್ರ ಎಲ್ಲಾರೂ ಬೈಲಿಕ್ಕೆ ನಿಂತಾರು. ಖರೇನ ಬೇಡಾಗಿ ಬೈಯುವವರನ್ನ ಹೆಂಗ ಗುರುತು ಹಿಡೀತೀರಿ?"

ಹಳೆಯ ಮಾದರಿಗೆ ಮರಳಬೇಕೆಂದರೂ ಆಯೋಗವೇ ಕೂಡಬೇಕಿತ್ತು. ಇನ್ನೊಂದು ದಾರಿಯಿತ್ತು. ಮಾಪನ ರಚಿಸಿದವರೇ ಅದು ತಪ್ಪೆಂದು ಬರೆದು ಹಿಂತೆಗೆದುಕೊಂಡರೆ ಆ ದಿನವೇ ರಾಜ್ಯದಲ್ಲೆಲ್ಲ ನಿಲ್ಲುತ್ತದೆ ಎಂದು ನಿಯಮವಿತ್ತು. ಆದರೆ ಅದೇ ಮಡಿಲಂಕ ಹಿಂದಿನ ವರ್ಷ ಮಕ್ಕಳನ್ನು ಬಡಿಯುತ್ತಿದ್ದ ಮುನ್ನೂರ ಹನ್ನೆರಡು ಮನೆಗಳನ್ನೂ ಹಿಡಿದುಕೊಟ್ಟಿತ್ತು. ನಿಲ್ಲಿಸಿದರೆ ಅಂಥ ಮನೆಗಳ ಮಕ್ಕಳ ಗತಿ? ಮೇಲಾಗಿ ಹನ್ನೊಂದು ವರ್ಷದ ದುಡಿಮೆ. ಅಕ್ಕನ ಸಲುವಾಗಿ ಹಿಂದೆ ತೆಗೆದುಕೊಂಡಳು ಎಂದು ನಾಲ್ಕು ಜನ ಆಡಿಕೊಳ್ಳದೆ ಬಿಡುತ್ತಾರೆಯೇ? ನೀಲಗಂಗಾಳಿಗೆ ಧೈರ್ಯ ಬರಲಿಲ್ಲ.

ಧೈರ್ಯ ಬಾರದವರು ಮಾಡುವುದನ್ನೇ ಅವಳೂ ಮಾಡಿದಳು. ಅಕ್ಕನಿಗೆ ಉತ್ತರ ಹೇಳಿಕೊಟ್ಟಳು.

"ಏನ ಕೇಳಿದ್ರೂ ಛಲೋ ಅನ್ನಕ್ಕಾ. ಚಂದ ಅದಾಳ, ಶಾಣ್ಯಾ ಅದಾಳ, ನಾ ಸುಖವಾಗೀನಿ. ಇಷ್ಟ. ಹದಿನೈದ ನಿಮಿಷದ ಮಾತು."

"ಸುಳ್ಳ ಹೇಳಂತೀಯೇನ?"

"ಸುಳ್ಳ ಎಲ್ಲೇತಿ? ಖರೇನ ಐತಲ್ಲ."

"ಖರೇ ಐತಿ ಅಂತನ ಹೇಳಬಾರದು, ಹುಚ್ಚೀ" ಎಂದಳು ಗುರಸವ್ವ. ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತಾನಾಗಿಯೇ ಬಂದು, "ಆತು, ಹೇಳ್ತೀನಿ. ಆಮ್ಯಾಲ ಏನರ ಆದ್ರ ನಿನ್ನ ಬಿಡೂದಿಲ್ಲ" ಎಂದಳು.

ಹದಿನೆಂಟರಂದು ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿ ಫರ್ಜಾನಾ ಮುಲ್ಲಾ ಬಂದರು. ನಡುವಯಸ್ಸಿನ ಹೆಂಗಸು, ನಿಯಮ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡುವವರಲ್ಲ. ಮಗು ಮನೆಯಲ್ಲೇ ಇರಬೇಕೆಂಬ ನಿಯಮದಿಂದ ತಿಪ್ಪಿ ಶಾಲೆಗೆ ಹೋಗಿರಲಿಲ್ಲ. ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಫರ್ಜಾನಾ ಗುರಸವ್ವನ ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ನೀಲಗಂಗಾ ಬಾಗಿಲಲ್ಲಿ ನಿಂತಳು.

ಹದಿನೇಳು ಪ್ರಶ್ನೆ ಸಲೀಸಾಗಿ ಮುಗಿದವು. ಆಮೇಲೆ ಪಟ್ಟಿ ಅದೇ ಮೃದು ಧ್ವನಿಯಲ್ಲಿ ಕೇಳಿತು, ಮಗು ಆರೋಗ್ಯವಾಗಿ ಬೆಳೆಯುತ್ತಿದೆಯೇ?

ಗುರಸವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಹೌದ್ರಿ. ಭಾಳ ಆರಾಮ ಅದಾಳ. ದುಂಡಗ ಆಗ್ಯಾಳ."

ಮಗು ಜಾಣೆಯೇ?

"ಭಾಳ ಶಾಣ್ಯಾ ಅದಾಳ್ರಿ. ಸಾಲ್ಯಾಗ ಎಲ್ಲಾರಕಿಂತ ಮುಂದ."

ಮಗುವಿನ ನಡತೆ ನಿಮಗೆ ಹಿಡಿಸುತ್ತದೆಯೇ?

"ಬಂಗಾರದಂಥಾ ಕೂಸ್ರಿ. ಹೇಳಿದ್ದ ಕೇಳ್ತಾಳ." ಗುರಸವ್ವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನೀಲಗಂಗಾ ಮನಸ್ಸಿನಲ್ಲೇ ಅಂಕ ಕೂಡಿಸುತ್ತಿದ್ದಳು. ಇನ್ನೊಂದೆರಡು ಹೀಗೇ ಆದರೆ ಗೆದ್ದ ಹಾಗೆ.

ಅಷ್ಟರಲ್ಲಿ ತಿಪ್ಪಿ ಅವರೆಕಾಯಿ ಬಿಟ್ಟು ಎದ್ದು ಒಳಗೆ ಹೋದಳು. ನಾಲ್ಕನೆಯ ಉತ್ತರ ಮುಗಿಯುವ ಹೊತ್ತಿಗೆ ಹೊರಗೆ ಬಂದಳು. ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಶಾಲೆಯ ಚೀಲ. ಚೀಲದ ಬಾಯಿಂದ ಹೊಸ ಲಂಗದ ಅಂಚು ಇಣುಕುತ್ತಿತ್ತು. ನೆಟ್ಟಗೆ ಹೋಗಿ ಫರ್ಜಾನಾ ಅವರ ಪಕ್ಕದಲ್ಲಿ ನಿಂತಳು.

"ನಾ ತಯಾರ ಆದ್ನಿ" ಎಂದಳು.

"ಎಲ್ಲಿಗವಾ?" ಎಂದರು ಫರ್ಜಾನಾ.

"ನಿಮ್ಮ ಜೋಡಿ. ಮೊದಲಿನ ಮನ್ಯಾಗೂ ಹಿಂಗ ಅಂದಿದ್ರು. ಭಾಳ ಶಾಣ್ಯಾ, ಬಂಗಾರದಂಥಾ ಕೂಸು ಅಂತ ಹೇಳಿ ಕಳಿಸಿಬಿಟ್ರು. ಅದಕಿನ್ನ ಮೊದಲಿನ ಮನ್ಯಾಗೂ ಅಂದಿದ್ರು." ತಿಪ್ಪಿ ಅಳಲಿಲ್ಲ. ಬಸ್ಸು ಬಂತು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. "ಅವ್ವ ಯಾವಾಗ್ಲೂ ಹಂಗ ಅಂತಿದ್ದಿಲ್ಲ. ಇವತ್ತ ಅಂದ್ಳು."

ನೀಲಗಂಗಾಳ ಲೆಕ್ಕ ಅಲ್ಲಿಗೇ ನಿಂತಿತು. ಪಟ್ಟಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ಮುಂದಿನದನ್ನು ಕೇಳಿತು, ಈ ಮಗು ಬಂದ ಮೇಲೆ ನೀವು ಸುಖವಾಗಿದ್ದೀರಾ?

"ಇಲ್ಲ!" ಎಂದು ಗುರಸವ್ವ ಕಿರುಚಿದಳು. ಎದ್ದು ಎರಡೇ ಹೆಜ್ಜೆಗೆ ತಿಪ್ಪಿಯನ್ನು ಹಿಡಿದು ಎದೆಗೆ ಒತ್ತಿಕೊಂಡಳು. "ಸುಖಾ ಇಲ್ಲ, ಮಣ್ಣ ಇಲ್ಲ! ಈ ಪೀಡಾ ಬಂದಾಗಿಂದ ಕಣ್ಣಿಗೆ ನಿದ್ದಿ ಇಲ್ಲ ನನಗ! ಇಂಥಾ ದಡ್ಡ, ಇಂಥಾ ಕರೀ ಕೂಸಿನ್ನ ಯಾರ ಒಯ್ತಾರ? ಯಾರಿಗೂ ಬ್ಯಾಡ ನೀ, ಕೇಳಿದ್ಯಾ? ನನಗ ಗಂಟ ಬಿದ್ದೀದಿ, ಇಲ್ಲೇ ಬಿದ್ದಿರಬೇಕ ನೀ!"

ತಿಪ್ಪಿ ಮುಖವೆತ್ತಿ ಅವ್ವನನ್ನು ನೋಡಿದಳು. ಆಮೇಲೆ ಬಗ್ಗಿ ಚಪ್ಪಲಿ ಬಿಚ್ಚಿದಳು. ಆಗ ಅಳು ಬಂತು, ಇಬ್ಬರಿಗೂ. ಉಳಿದೆರಡು ಪ್ರಶ್ನೆಗಳಿಗೆ ಗುರಸವ್ವ ಅಳುತ್ತಲೇ ಬೈದಳು. ಪಟ್ಟಿ ಎಲ್ಲವನ್ನೂ ಕೇಳಿಸಿಕೊಂಡು ಅಳಿಸಿಹಾಕಿ, ನಲವತ್ತೆಂಟು ಎಂದು ತೋರಿಸಿತು.

ಫರ್ಜಾನಾ ಕಣ್ಣೊರೆಸಿಕೊಂಡರು. "ನಮ್ಮ ಅಮ್ಮಾನೂ ನನ್ನ ಹಿಂಗ ಬೈತಿದ್ಲ್ರಿ. ನನಗ ಎಲ್ಲಾ ತಿಳೀತೈತಿ. ಆದ್ರ ಬರಿಯೂದು ಈ ನಂಬರ ಒಂದ. ನನ್ನ ಕೈಯಾಗ ಏನೂ ಇಲ್ಲ. ಏಳನೇ ದಿನ ಗಾಡಿ ಬರ್ತೈತ್ರಿ." ಚಹಾ ಕುಡಿಯದೆ ಹೊರಟುಹೋದರು.

ನೀಲಗಂಗಾ ಚಪ್ಪಲಿ ಮೆಟ್ಟಿಕೊಂಡು ನೇರ ಸಂಸ್ಥೆಗೆ ಹೋದಳು. ಹಿಂತೆಗೆತದ ಅರ್ಜಿ ತೆರೆದು ಬರೆಯತೊಡಗಿದಳು. ಎರಡು ಅಂಶಗಳ ಮಾದರಿ ಅಂಕಿಗಳಿಗೆ ಹೊಂದಿದ್ದು ನಿಜ. ಆದರೆ ಎರಡನೆಯ ಅಂಶ ಏನೆಂದು ವಿಚಾರಿಸದೆ ನಾನು ಹೆಸರಿಟ್ಟೆ. ಆ ಹೆಸರು ತಪ್ಪು. ಈ ಮಾಪನ ನಾನು ಹೇಳಿದ್ದನ್ನು ಅಳೆಯುತ್ತಿಲ್ಲ.

ಗಲಗಲಿ ಹಿಂದೆ ಬಂದು ನಿಂತು ಓದಿದರು. "ಆ ಮುನ್ನೂರ ಹನ್ನೆರಡು ಮನಿ?"

"ಅಂಥಾ ಮನಿ ಇನ್ನೂ ಇರ್ತಾವು ಸರ್. ಮಂದಿ ಹೋಗಿ ನೋಡಬೇಕು. ನನ್ನೂ ಕಳಸ್ರಿ, ಮನಿ ಮನಿಗೆ ಹೋಗಿ ಕೂಡ್ತೀನಿ. ಕೆಲವು ತಪ್ಪಿಹೋಗಬಹುದು, ಅದನ್ನೂ ಬರದೀನಿ."

ಅರ್ಜಿಯ ಕೊನೆಯಲ್ಲಿ ಒಂದು ಸಾಲಿತ್ತು. ಈ ನಿರ್ಧಾರದಲ್ಲಿ ನಿಮಗೆ ಸ್ವಂತ ಹಿತಾಸಕ್ತಿ ಇದೆಯೇ? ನೀಲಗಂಗಾ ಬರೆದಳು: ಇದೆ. ಮಡಿಲಂಕ ನಲವತ್ತೆಂಟು ಬಂದ ಗುರುಬಸವ್ವ ನನ್ನ ಒಡಹುಟ್ಟಿದ ಅಕ್ಕ.

"ಇದೊಂದು ಸಾಲು ಸಾಕು, ಮಂದಿ ನಿಮ್ಮನ್ನ ಹರದ ತಿಂತಾರ" ಎಂದರು ಗಲಗಲಿ.

"ತಿನ್ನಲಿ ಸರ್. ಖರೇನ ಐತಲ್ಲ." ಅವಳು ಕಳಿಸುವ ಗುಂಡಿ ಒತ್ತಿದಳು.

ಮಂದಿ ಹರಿದು ತಿಂದದ್ದು ನಿಜ. ಮೂರನೆಯ ದಿನ ಆಯೋಗದಿಂದ ನೋಟೀಸು ಬಂತು. ಐದನೆಯ ದಿನ ಅವಳ ಸಂಶೋಧನಾ ಹುದ್ದೆ ಹೋಯಿತು, ಮನೆಭೇಟಿಯ ತಂಡಕ್ಕೆ ಹಾಕಿದರು. ಮಡಿಲಂಕ ಅರ್ಜಿಯ ದಿನವೇ ನಿಂತಿತ್ತು, ಆದರೆ ಅದಕ್ಕೂ ಮೊದಲೇ ಅಂಕ ಬಿದ್ದಿದ್ದ ತಿಪ್ಪಿಯ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಗುರಸವ್ವ ಒಲೆ ಹಚ್ಚುವುದು, ರೊಟ್ಟಿ ಬಡಿಯುವುದು ಬಿಡಲಿಲ್ಲ. ತಿಪ್ಪಿಯೂ ಉಂಡಳು, ಶಾಲೆಗೆ ಹೋದಳು. ಪುಸ್ತಕಗಳನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಹೋದಳು. ಬಟ್ಟೆ ತುಂಬಿದ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ತೆಗೆಯೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಏಳನೆಯ ದಿನ ಮುಂಜಾನೆ ಫರ್ಜಾನಾ ಬಂದರು. ಗಾಡಿ ಇರಲಿಲ್ಲ, ಒಬ್ಬರೇ ಬಂದಿದ್ದರು. ಮಡಿಲಂಕ ಎಲ್ಲ ಕಡೆ ನಿಂತಿದೆ, ಅದರ ಮೇಲೆ ಹೊರಡಿಸಿದ ಆದೇಶಗಳೆಲ್ಲ ರದ್ದು, ಇನ್ನು ಮೇಲೆ ಮನುಷ್ಯರೇ ಬಂದು ನೋಡಿ ಬರೆಯುತ್ತಾರೆ ಎಂದರು. ಇವತ್ತು ಈ ಮನೆಯನ್ನು ನೋಡುವುದಕ್ಕೆ ತಾವೇ ಬಂದದ್ದು ಎಂದು ಹೇಳಿ, ಕೆಳಗೆ ಕೂತರು. ಮಧ್ಯಾಹ್ನದ ತನಕ ಕೂತರು. ಉಂಡರು, ತಿಪ್ಪಿಯ ಬಾಯಿಂದ ಮಗ್ಗಿ ಹೇಳಿಸಿದರು, ಗುರಸವ್ವ ಅವಳನ್ನು ಹನ್ನೆರಡು ಸಲ ಬೈದದ್ದನ್ನು ಕೇಳಿದರು. ಆಮೇಲೆ ಕಾಗದದಲ್ಲಿ ನಾಲ್ಕು ಸಾಲು ಬರೆದು, ಮಗುವನ್ನು ಇಲ್ಲಿಯೇ ಇರಿಸತಕ್ಕದ್ದು ಎಂದು ಸಹಿ ಹಾಕಿದರು.

ಗುರಸವ್ವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಮುಖ ಅರಳಲು ಹೋಗಿ, ಅಲ್ಲೇ ಗಂಟಿಕ್ಕಿತು.

"ತಿಪ್ಪೀ, ಏ ತಿಪ್ಪೀ! ಇಲ್ಲೇ ಇರ್ತೀಯಂತ ನೀ. ಇನ್ನ ನನ್ನ ಹಣೇಬಾರ ಮುಗೀತ ನೋಡ!"

ತಿಪ್ಪಿ ಒಳಗಿನಿಂದ ಓಡಿ ಬಂದು ಅನುಮಾನದಿಂದ ನೋಡಿದಳು. "ನಾ ಶಾಣ್ಯಾ ಅದೀನೇನು?"

"ಎಳ್ಳಷ್ಟೂ ಅಲ್ಲ" ಎಂದಳು ಗುರಸವ್ವ, ಧ್ವನಿ ನಡುಗದಂತೆ.

ತಿಪ್ಪಿ ಬಾಗಿಲ ಪಕ್ಕಕ್ಕೆ ಹೋದಳು. ಚೀಲದಿಂದ ಲಂಗ ತೆಗೆದು ಕೊಡವಿ, ತುದಿಗಾಲಲ್ಲಿ ನಿಂತು ಗೋಡೆಯ ಗೂಟಕ್ಕೆ ಸಿಕ್ಕಿಸಿದಳು.